ಉತ್ತರ ಬಾರದ ಸಾಕ್ಷಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಜಿಲ್ಲಾ ಪತ್ರಿಕೆಯೊಂದಕ್ಕೆ ಮುದ್ದೇಬಿಹಾಳದ ವರದಿಗಾರನಾಗಿದ್ದೆ. ಅಲ್ಲಿ ನಮ್ಮದು ಕ್ರೈಸ್ತರ ಸಣ್ಣದೊಂದು ಗುಂಪು. ಸ್ವಂತ ಕಟ್ಟಡವಿರಲಿಲ್ಲ. ಐತವಾರ ಮಧ್ಯಾಹ್ನ ನಿವೃತ್ತ ನರ್ಸ್ ಒಬ್ಬರ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಅವರನ್ನು ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದರು. ಪಾಸ್ಟರ್ ಬಸವನ ಬಾಗೇವಾಡಿಯಲ್ಲಿ ಬೆಳಗಿನ ಆರಾಧನೆ ಮುಗಿಸಿ ಬಸ್ ಹಿಡಿದು ಬರುತ್ತಿದ್ದರು.

ಹಾಡು, ಪಾಸ್ಟರರ ಪ್ರಸಂಗ ಮುಗಿದ ಮೇಲೆ ಸಾಕ್ಷಿ. ಹಿಂದಿನ ವಾರ ಪ್ರಾರ್ಥನೆ ಬೇಡಿದವರು ಎದ್ದು ನಿಂತು, ದೇವರು ಏನು ಮಾಡಿದನೆಂದು ಹೇಳಬೇಕು. ಒಬ್ಬರ ಎಮ್ಮೆ ಮತ್ತೆ ಮೇವು ಮುಟ್ಟಿತ್ತು. ಇನ್ನೊಬ್ಬರ ಮಗನಿಗೆ ಇಂಡಿಗೆ ವರ್ಗವಾಗಿತ್ತು. ಮಾತು ಮುಗಿದ ಕೂಡಲೇ ಸಭೆಯೆಲ್ಲ ಒಟ್ಟಿಗೆ "ಸ್ತೋತ್ರ" ಎನ್ನುತ್ತಿತ್ತು.

ನನ್ನ ಮಗಳಿಗೆ ಎಳವೆಯಲ್ಲೇ ಮೆದುಳುಜ್ವರ ಬಂತು. ಜೀವ ಉಳಿಯಿತು, ಕಿವಿ ಹೋಯಿತು. ಒಳಗಿನ ನರಕ್ಕೆ ಪೆಟ್ಟಾಗಿದೆ, ಮರಳಿ ಕೇಳಿಸೀತೆಂದು ಹೇಳಲಾರೆ ಎಂದರು ವೈದ್ಯರು. ಸಭೆ ಅದನ್ನು ಒಪ್ಪಲಿಲ್ಲ. ಉಪವಾಸ ಹಿಡಿದರು, ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ವಾರವಾರವೂ ಸಾಕ್ಷಿಯ ಹೊತ್ತಿಗೆ ಪಾಸ್ಟರ್ ನನ್ನ ಕಡೆ ನೋಡುತ್ತಿದ್ದರು. ನಾನು ಬೈಬಲಿನ ಪುಟ ತಿರುವುತ್ತಿದ್ದೆ. ಅವರು ಮುಂದಿನವರ ಕಡೆ ಹೊರಳುತ್ತಿದ್ದರು. ಊಟದ ಪಂಕ್ತಿಯಲ್ಲಿ ಬಡಿಸುವವರು ನನ್ನೊಬ್ಬನ ಎಲೆ ದಾಟಿ ಹೋದಂತೆ, ಅದನ್ನು ಅಕ್ಕಪಕ್ಕದವರೂ ಕಂಡಂತೆ ಆಗುತ್ತಿತ್ತು.

ಮನೆಯಲ್ಲಿ ನಾನು ಮಗಳ ಬೆನ್ನ ಹಿಂದೆ ನಿಂತು ಸ್ಟೀಲ್ ತಾಟು ಬಡಿದು ನೋಡುತ್ತಿದ್ದೆ. ಒಮ್ಮೆ ಹೆಂಡತಿ ಅಡುಗೆಮನೆಯಿಂದ ಕೇಳಿದಳು:

"ಯಾರನ್ನ ಪರೀಕ್ಷಾ ಮಾಡಾಕತ್ತೀರಿ? ಕೂಸನ್ನೋ, ದೇವರನ್ನೋ?"

"ಬರೇ ಖಾತ್ರಿ ಮಾಡ್ಕೊಳ್ಳಾಕತ್ತೇನಿ."

"ಆತಲ್ಲ ಖಾತ್ರಿ? ತಾಟು ಕೊಡ್ರಿ ಇತ್ತ, ರೊಟ್ಟಿ ಹಾಕ್ತೇನಿ."

ನಂಬಿಕೆಯನ್ನು ಬಿಡುವ ಯೋಚನೆ ಬಂದಿರಲಿಲ್ಲವೆಂದರೆ ಸುಳ್ಳಾಗುತ್ತದೆ. ತಡೆದದ್ದು ಭಕ್ತಿಗಿಂತ ಹೆಚ್ಚಾಗಿ ಕಸುಬಿನ ಅಭ್ಯಾಸ. ಅಧಿಕಾರಿ ಮಾತಿಗೆ ಸಿಗದಿದ್ದರೆ ಸಿಗಲಿಲ್ಲ ಎಂದು ಬರೆಯಬಹುದು, ನಿರಾಕರಿಸಿದರು ಎಂದು ಬರೆಯುವಂತಿಲ್ಲ. ಮರುದಿನ ಮತ್ತೆ ಅದೇ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂರಬೇಕು. ಐತವಾರಗಳಲ್ಲೂ ನಾನು ಹಾಗೆಯೇ ಕೂತಿದ್ದೆ.

ಡೋಲಕ್ ಬಾರಿಸುತ್ತಿದ್ದವನು ಬಸ್ ಡಿಪೋದ ಮೆಕ್ಯಾನಿಕ್. ಯಾವಾಗಲೂ ನೆಲದ ಮೇಲೆ ಕೂರುತ್ತಿದ್ದವನು ಒಂದು ಐತವಾರ ಮೊಣಕಾಲು ಉಳುಕಿದ್ದರಿಂದ ಕಟ್ಟಿಗೆ ಬೆಂಚಿನ ತುದಿಗೆ ಕೂತ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ನನ್ನ ಮಗಳು ಎರಡೂ ಅಂಗೈ ಊರಿ ಕೂತಿದ್ದಳು. ಅವನು ಡೋಲಕ್ಕನ್ನು ಬೆಂಚಿಗೆ ಒತ್ತಿ ಮೊದಲ ಪೆಟ್ಟು ಹಾಕಿದ್ದೇ ತಡ, ಮಗಳು ಅವನ ಕಡೆ ಹೊರಳಿ ನೋಡಿ ನಕ್ಕಳು.

"ಕೂಸಿಗೆ ಕೇಳಿಸ್ತು! ಹೊಳ್ಳಿ ನೋಡಿದ್ಲು, ನೋಡ್ರಿ!" ಆಯಿ ಚೀರಿದರು. ಹಾಡು ಅಲ್ಲಿಗೇ ನಿಂತಿತು. ಕೆಲವರು ಅತ್ತರು. ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮೆಕ್ಯಾನಿಕ್ ನನ್ನ ಭುಜ ಹಿಡಿದು ಅಲುಗಿಸಿದ. "ಅಣ್ಣಾರ, ನಾಳೆ ಪೇಪರಿನ್ಯಾಗ ಹಾಕ್ರಿ ಇದನ್ನ. ತೆಗ್ಗು ಬಿದ್ದ ರೋಡ್ ದಿನಾ ಹಾಕ್ತೀರಿ, ದೇವರು ಮಾಡಿದ್ದಕ್ಕ ಜಾಗಾ ಇಲ್ಲೇನು?"

ಪಾಸ್ಟರ್ ನಗುತ್ತ ಕರೆದರು. "ಇವತ್ತರ ಏಳ್ರಿ. ಸಾಕ್ಷಿ ಹೇಳ್ರಿ."

ನಾನು ಎದ್ದು ನಿಂತೆ. "ಕೇಳಿಸಿಲ್ರಿ. ಡೋಲಕ್ ಬೆಂಚಿನ ಮ್ಯಾಲೆ ಐತಿ. ಬೆಂಚು ಅದುರಿದ್ದು ಅಕಿಗೆ ಗೊತ್ತಾಗೇತಿ, ಅಷ್ಟ."

"ಹಡೆದ ಅಪ್ಪಗ ಖುಷಿ ಇಲ್ಲಲ್ಲೋ ತಮ್ಮಾ!" ಎಂದರು ಆಯಿ. "ಸುದ್ದಿ ಬರದು ಬರದು ಎದಿ ಒಣಗೇತಿ ನಿಂದು."

ಯಾರೂ ಹೇಳದೆಯೇ ಹೆಂಡತಿ ಮಗಳನ್ನು ಬೆಂಚಿನಿಂದ ಎತ್ತಿ, ನೆಲದ ಮೇಲೆ ಕೂತು, ತನ್ನ ತೊಡೆಯ ಮೇಲೆ ಕೂರಿಸಿಕೊಂಡಳು. ಮೆಕ್ಯಾನಿಕ್‌ನತ್ತ ನೋಡಿ, "ಬಾರಸ್ರಿ ಅಣ್ಣಾ" ಎಂದಳು. ಅವನು ಬಾರಿಸಿದ. ಮಗಳು ತಾಯಿಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವನು ಇನ್ನೂ ಜೋರಾಗಿ ಬಾರಿಸಿದ. ಅವಳು ತಲೆ ಎತ್ತಲಿಲ್ಲ. ಅವನ ಕೈ ತಾನಾಗಿ ನಿಂತಿತು.

"ಅವಿಶ್ವಾಸ ಅಡ್ಡ ಬಂತು" ಎಂದರು ಆಯಿ. ಈ ಸಲ ಅವರ ಧ್ವನಿ ಏರಿರಲಿಲ್ಲ. ಚಹಾ ಬಂತು. ಯಾರೂ ನಮ್ಮ ಪಕ್ಕ ಕೂರಲಿಲ್ಲ.

ಮಾರ್ಕೆಟ್ ಯಾರ್ಡಿನ ಗೋಡೆಯ ಪಕ್ಕ ಮನೆಗೆ ನಡೆಯುತ್ತಿದ್ದಾಗ ನಾನು ನನ್ನ ಪರವಾಗಿ ಏನೋ ಹೇಳಲು ಹೋದೆ. ಹೆಂಡತಿ ನಡುವೆಯೇ ತಡೆದಳು.

"ನೀವು ಹೇಳಿದ್ದು ಖರೆ ಐತಿ. ಅದಕ್ಕ ನನಗ ಸಿಟ್ಟಿಲ್ಲ. ಆದ್ರ ಹೇಳುವಾಗ ನಿಮ್ಮ ದನಿಯೊಳಗ ಗೆದ್ದಾಂಗ ಇತ್ತು. ಅದು ಬ್ಯಾಡಾಗಿತ್ತು."

ನನ್ನ ಮಗಳಿಗೆ ಕೇಳಿಸಲಿಲ್ಲ ಎಂಬುದನ್ನು ನಾನು ವರದಿಯಂತೆ ಓದಿದ್ದೆ, ಅದೂ ಇತರರು ತಪ್ಪು ಮಾಡಿದ್ದಾರೆಂಬ ಸಮಾಧಾನದಲ್ಲಿ. ದೇವರು ಮಾತಾಡದಿದ್ದುದಕ್ಕೆ ಅಷ್ಟು ದಿನ ನಾಚಿದ್ದೆ. ಅಂದು ನಾಚಿದ್ದು ನನ್ನ ಮಾತಿಗೆ.

ಆ ವಾರವೆಲ್ಲ, ಸಭೆ ತಪ್ಪಿಸುವ ನೆಪಕ್ಕೆ, ಸಿಂದಗಿಯಲ್ಲೋ ಇಂಡಿಯಲ್ಲೋ ವರದಿ ಮಾಡುವಂಥ ಐತವಾರದ ಕಾರ್ಯಕ್ರಮ ಯಾವುದಾದರೂ ಇದ್ದೀತೇ ಎಂದು ಹುಡುಕಿದೆ. ಒಂದು ಸಿಕ್ಕಿತು ಕೂಡ. ಆದರೆ ಐತವಾರ ಊಟವಾದ ಮೇಲೆ ಹೆಂಡತಿ ನನ್ನನ್ನು ಏನೂ ಕೇಳದೆ ಮಗಳ ಜಡೆ ಹೆಣೆಯತೊಡಗಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಹೊರಟೆ.

ಸಾಕ್ಷಿಯ ಹೊತ್ತಿಗೆ ಪಾಸ್ಟರ್ ನನ್ನ ಕಡೆ ನೋಡಲಿಲ್ಲ. ಬೈಬಲ್ ಮುಚ್ಚಿಟ್ಟು ನಾನೇ ಎದ್ದೆ.

"ಈ ವಾರನೂ ಕೇಳಿಸಿಲ್ರಿ. ನಾನೂ ಬೇಡ್ಕೊಂಡೇನಿ, ಉತ್ತರ ಬಂದಿಲ್ಲ. ನೀವೂ ಬೇಡ್ಕೋರಿ, ಬಿಡಬ್ಯಾಡ್ರಿ."

ಇಂಥ ಸಾಕ್ಷಿಗೆ ಏನನ್ನಬೇಕೆಂದು ಸಭೆಗೆ ತಿಳಿಯಲಿಲ್ಲ. ಮೆಕ್ಯಾನಿಕ್ ಬಾಯಿ ತೆರೆದು ಪಾಸ್ಟರ್ ಮುಖ ನೋಡಿದ. ಪಾಸ್ಟರ್ ಆಯಿಯ ಮುಖ ನೋಡಿದರು. ಕೂರಬೇಕೋ ನಿಲ್ಲಬೇಕೋ ತಿಳಿಯದೆ ನಾನು ನಿಂತಿದ್ದೆ.

ಹೆಂಗಸರ ಕಡೆಯಿಂದ, ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಹೆಂಡತಿ ಒಬ್ಬಳೇ "ಸ್ತೋತ್ರ" ಅಂದಳು.

ನಾನು ಕೂತೆ. ಅವಳ ಕಡೆ ನೋಡಲು ಧೈರ್ಯವಾಗಲಿಲ್ಲ.