ಪೈಲಟ್ ಮಾವನ ವೇಗ

ನಮ್ಮ ಮೇಲಿನ ಮಹಡಿಯಲ್ಲಿರುವ ನಿವೃತ್ತ ಗುಮಾಸ್ತರನ್ನು ಓಣಿಯವರೆಲ್ಲ ಪೈಲಟ್ ಮಾವ ಎನ್ನುತ್ತಾರೆ. ಅವರು ಎಂದೂ ವಿಮಾನ ಹತ್ತಿದವರಲ್ಲ. ಕಂಪ್ಯೂಟರ್ ಆಟದಲ್ಲಿ ಯುದ್ಧವಿಮಾನ ಹಾರಿಸುವವರು. ವಿಮಾನ ಎಡಕ್ಕೆ ವಾಲಿದರೆ ಮಾವನೂ ಕುರ್ಚಿಸಮೇತ ವಾಲುತ್ತಾರೆ. ಶತ್ರು ಬೆನ್ನಿಗೆ ಬಿದ್ದರೆ ಕತ್ತು ತಿರುಗಿಸಿ ಅಡುಗೆಮನೆಯತ್ತ ನೋಡುತ್ತಾರೆ. ತರಕಾರಿ ಅಂಗಡಿಯಲ್ಲೂ ಅದೇ ಮಾತು: “ವೇಗ ಹೆಚ್ಚಾದ್ರೆ ಸುತ್ತು ದೊಡ್ಡದಾಗತ್ತೆ, ಕಡಿಮೆಯಾದ್ರೆ ವಿಮಾನ ಸೋತು ಬೀಳತ್ತೆ. ನಡುವೆ ಒಂದು ಹದ ಇದೆ ನೋಡಿ, ಅದು ಸಿಕ್ರೆ ಯಾರನ್ನಾದ್ರೂ ಹಿಡೀಬಹುದು!” ಆ ಹದ ಮಾತ್ರ ಅವರಿಗೆ ಸಿಕ್ಕಿದ್ದೇ ಇಲ್ಲ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ನಾವು ನಗುತ್ತಿದ್ದೆವು. ಮೊನ್ನೆ ತಾರಸಿಯ ಕೀಲಿ ಕೇಳಲು ಹೋದಾಗ ಕಂಡೆ: ವೇಗ ಹೆಚ್ಚುಕಡಿಮೆ ಮಾಡುವ ಹಿಡಿಕೆ ಮಾವನ ಕೈಯಲ್ಲಿರಲಿಲ್ಲ. ಪಕ್ಕದಲ್ಲಿ ಕೂತ ಅತ್ತೆ, ಪಾರ್ಶ್ವವಾಯು ಬಡಿದ ತಮ್ಮ ಬಲಗೈಯಿಂದ ಅದನ್ನು ಹಿಡಿದಿದ್ದರು. “ಸ್ವಲ್ಪ ಹಿಂದಕ್ಕೆ... ಸಾಕು, ಅಲ್ಲೇ ಇರ್ಲಿ,” ಎಂದರು ಮಾವ. ನಡುಗುತ್ತಿದ್ದ ಬೆರಳುಗಳು ನಿಂತವು. ವಿಮಾನ ಬಿಗಿಯಾಗಿ ತಿರುಗಿತು. ಶತ್ರುವಿಮಾನ ನೇರ ಎದುರಿಗೆ ಬಂತು. “ಹೊಡೀರಿ ಅಂದ್ರೆ!” ಎಂದು ಅತ್ತೆ ಕೂಗಿದರು. ಮಾವ ಪರದೆಯನ್ನು ನೋಡುತ್ತಲೇ ಇರಲಿಲ್ಲ. ಹೆಂಡತಿಯ ಕೈಯನ್ನೇ ನೋಡುತ್ತಿದ್ದರು.