ತಲೆದಿಂಬಿನ ಮೇಲೊಂದು ಶಿಲುಬೆ

ಆಂಟಿಯ ಬಲಗೈ ಹೆಬ್ಬೆರಳು ತುದಿಯಲ್ಲಿ ಹೊರಕ್ಕೆ ಬಾಗಿತ್ತು. ಉಗುರಿನ ನಡುವೆ ತುರಿಮಣೆ ಮಾಡಿದ ಸೀಳು. ಹೊಸ ಜಾಗದಲ್ಲಿ ಮಲಗುವ ಮೊದಲು ಆ ಬೆರಳಿನಿಂದ ತಲೆದಿಂಬಿನ ಮೇಲೆ ಶಿಲುಬೆ ಗೀಚುವರು. ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ ಮನೆಗಳಲ್ಲಿ, ಮಗನ ಜೊತೆ ಅಡಿಲೇಡಿಗೆ ಬಂದ ದಿನ, ಎಲ್ಲ ಕಡೆಯೂ.

"ದೇವರಿಗೆ ನಮ್ಮ ಅಡ್ರೆಸ್ ಗೊತ್ತಾಗಬೇಕಲ್ಲ ಮಾರಾಯ್ತಿ!"

ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ನಾನು ಅವರ ಪಕ್ಕದ ಮನೆಯವಳು. ನನ್ನ ಮೈಸೂರು ಕನ್ನಡವೆಂದರೆ ಅವರಿಗೆ ತಮಾಷೆ. "ಎಂಥದು ನಿಮ್ಮದು, ಬಂದ್ಬಿಟ್ಟೆ, ಹೋಗ್ಬಿಟ್ಟೆ! ಬಿಡುವುದೇ ಕೆಲಸವಾ? ನಾವು ಮಂಗಳೂರಿನವರು ಬರುವುದು, ಹೋಗುವುದು ಅಷ್ಟೇ. ಯಾರನ್ನೂ ಬಿಡುವುದಿಲ್ಲ."

ಮಗನಿಗೆ ದೇಶದ ಆ ತುದಿಯ ಪರ್ತ್‌ನಲ್ಲಿ ಕೆಲಸವಾಯಿತು, ವೆಲ್ಷ್‌ಪೂಲ್‌ನ ಗೋಡೌನಿನಲ್ಲಿ. ಅಲ್ಲಿ ಸಿಕ್ಕಿದ್ದು ಒಂದೇ ಕೋಣೆ. "ಮಮ್ಮಿಗೆ ಒಂದು ಓಲ್ಡ್ ಏಜ್ ಹೋಮ್ ನೋಡಬೇಕು" ಎಂದ.

ಆಂಟಿಯ ಬೇಸರ ಕಳೆಯಲಿ ಎಂದು ಆ ವಾರ ಊರಿನ ಹಳೆಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. "ಹಿಂದೆ ದಿಕ್ಕಿಲ್ಲದವರ ಹೋಮ್ ಆಗಿತ್ತಂತೆ, ಆಂಟಿ" ಎಂದಿದ್ದೆ. ಅವರಿಗೆ ಕೇಳಿಸಿದ್ದು 'ದಿಕ್ಕಿಲ್ಲದವರ ಹೋಮ್' ಅಷ್ಟೇ; 'ಹಿಂದೆ' ಕೇಳಿಸಲೇ ಇಲ್ಲ.

ಕಲ್ಲಿನ ಗೋಡೆ, ಸಾಲು ಮಂಚ, ಗಂಜಿಯ ತಗಡಿನ ಬಟ್ಟಲು. ಆಂಟಿ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಕಿಟಕಿ ಬಳಿಯ ಹಾಸಿಗೆ ಒತ್ತಿ ನೋಡಿದರು.

"ಸ್ವಲ್ಪ ಗಟ್ಟಿ ಉಂಟು. ಅಡ್ಡಿಯಿಲ್ಲ, ಇದೇ ಇರಲಿ" ಎಂದವರೇ ಹುಲ್ಲು ತುಂಬಿದ ತಲೆದಿಂಬಿನ ಮೇಲೆ ಶಿಲುಬೆ ಗೀಚಿದರು.

ನಾನು ಅವರ ತೋಳು ಹಿಡಿದೆ. "ಆಂಟಿ, ಇದು ಮ್ಯೂಸಿಯಂ. ಈಗ ಇಲ್ಲಿ ಯಾರನ್ನೂ ಇಡೋದಿಲ್ಲ."

"ಹೌದಾ? ಹಾಗಾದರೆ ಈಗ ದಿಕ್ಕಿಲ್ಲದವರನ್ನು ಎಲ್ಲಿ ಇಡುವುದು?"

ಉತ್ತರ ಮಗನ ಬಳಿ ಇತ್ತು: ಊರಿನಂಚಿನ ಮಾಡ್ಬರಿಯ ಹೋಮ್. ಅಲ್ಲಿ ಎಲ್ಲ ಶುಚಿ. ಒಬ್ಬರಿಗೊಂದು ಕೋಣೆ, ಮುಚ್ಚಿದ ಬಾಗಿಲು. ಅವರನ್ನು ಅಲ್ಲಿ ಸೇರಿಸಿದ ಮೇಲೆ ನೋಡಲು ಹೋಗಿ ಕೇಳಿದೆ, "ಆಂಟಿ, ಶಿಲುಬೆ ಹಾಕಿದ್ರಾ?"

"ಅದು ಆ ಮ್ಯೂಸಿಯಮ್ಮಿನಲ್ಲಿ ಹಾಕಿ ಆಯಿತಲ್ಲ. ಎರಡೆರಡು ಅಡ್ರೆಸ್ ಕೊಟ್ಟರೆ ದೇವರಿಗೂ ಕನ್‌ಫ್ಯೂಸ್" ಎಂದು ನಕ್ಕರು. ನಗು ಬೇಗ ಆರಿತು. "ಅಲ್ಲಿ ಪಕ್ಕದಲ್ಲಿ ಮಂಚ ಇತ್ತು. ಕೆಮ್ಮಿದರೆ ಯಾರಿಗಾದರೂ ಕೇಳುತ್ತಿತ್ತು."

"ಮಗ ಪರ್ತ್‌ಗೆ ಹೋದನಾ?"

ಆಂಟಿ ಸೀಳಿದ ಉಗುರನ್ನು ಸವರಿಕೊಂಡರು. ಆಮೇಲೆ ನನ್ನ ಮುಖ ನೋಡಿದರು.

"ಹೋಗ್ಬಿಟ್ಟ. ನಿಮ್ಮ ಮಾತೇ ಸರಿ, ಮಾರಾಯ್ತಿ."

ಚಳಿಗಾಲ ಮುಗಿಯುವ ಮೊದಲೇ ಆಂಟಿ ತೀರಿಕೊಂಡರು. ನಾನು ತಲುಪುವಷ್ಟರಲ್ಲಿ ಮಂಚಕ್ಕೆ ಹೊಸ ಹೊದಿಕೆ, ಹೊಸ ದಿಂಬು ಬಂದಾಗಿತ್ತು. ಮೈಸೂರಿನ ನಮ್ಮ ಮನೆಗೆ ಫೋನ್ ಮಾಡಿ, "ಆಂಟಿ ಹೋಗ್ಬಿಟ್ರು" ಎನ್ನಲು ಹೊರಟವಳು "ಹೋದರು" ಎಂದಷ್ಟೇ ಹೇಳಿದೆ. ಬಿಟ್ಟವರು ಅವರಲ್ಲ.