ಮಾತಿನ ತುದಿ ಎತ್ತಿ ಹಿಡಿಯುವ ಗೆರೆ ಅಕ್ಕ

ಕೆಳಗಿನ ವೆಲ್ಡಿಂಗ್ ಅಂಗಡಿಯ ಶಟರ್ ಇನ್ನೂ ಮೇಲೆದ್ದಿಲ್ಲ, ಬೀದಿದೀಪ ಆರಿಲ್ಲ. ಎರಡನೇ ಮಹಡಿಯ ಈ ಪುಟ್ಟ ಕೋಣೆಯಲ್ಲಿ ಮಾತ್ರ ಕೆಲಸ ಆಗಲೇ ಶುರುವಾಗಿದೆ. ಕಿಟಕಿಗೆ ಹಳೆಯ ಹಾಸಿಗೆಯೊಂದನ್ನು ಒರಗಿಸಿ ನಿಲ್ಲಿಸಿದ್ದಾರೆ, ಗೋಡೆಗಳಿಗೆ ಕಂಬಳಿ ಹೊಡೆದಿದ್ದಾರೆ. ಸದ್ದಾಗುತ್ತದೆಂದು ಫ್ಯಾನು ಹಾಕುವಂತಿಲ್ಲ. ಕಂಪ್ಯೂಟರಿನ ಮುಂದೆ ಕೂತ ಹೆಂಗಸು ಹೆಡ್‌ಫೋನ್ ಏರಿಸಿಕೊಂಡು, ತುಟಿ ಪಿಟಕ್ಕೆನ್ನದೆ, ಪರದೆಯ ಮೇಲೆ ಚುಕ್ಕೆ ಇಡುತ್ತಿದ್ದಾರೆ. ಇಟ್ಟ ಚುಕ್ಕೆಯನ್ನು ಕೂದಲೆಳೆಯಷ್ಟು ಮೇಲಕ್ಕೆ ಎಳೆಯುತ್ತಾರೆ. ಕೇಳುತ್ತಾರೆ. ಊಹೂಂ ಎಂದು ತಲೆಯಾಡಿಸಿ ಅದರಲ್ಲಿ ಅರ್ಧ ಇಳಿಸುತ್ತಾರೆ, ಮತ್ತೆ ಕೇಳುತ್ತಾರೆ. ಬಂದವರ ಕಡೆ ತಿರುಗಿಯೂ ನೋಡದೆ ಎಡಗೈಯಲ್ಲಿ ಒಂದು ಕುರ್ಚಿ ತೋರಿಸುತ್ತಾರೆ. "ಅದರಲ್ಲಿ ಕೂತ್ಕೊಳ್ಳಿ. ಈ ಮನೇಲಿ ಕಿರ್ ಅನ್ನದೇ ಇರೋದು ಅದೊಂದೇ."

ಇವರನ್ನು ಇಲ್ಲಿ ಎಲ್ಲರೂ ಗೆರೆ ಅಕ್ಕ ಎನ್ನುತ್ತಾರೆ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಸಂಸ್ಥೆ ಇದು. ಓದುವವರ ಹೆಸರು ಪ್ರತಿ ಪುಸ್ತಕದ ಆರಂಭದಲ್ಲಿ ಬರುತ್ತದೆ, ಬರೆದವರದು ಅದಕ್ಕೂ ಮೊದಲು. ಅಕ್ಕನ ಹೆಸರು ಎಲ್ಲೂ ಬರುವುದಿಲ್ಲ. ಅವರ ಕೆಲಸ ಇಷ್ಟೆ: ಓದಿದವರ ದನಿ ಪರದೆಯ ಮೇಲೆ ಅಲೆಅಲೆಯಾಗಿ ಹರಡಿರುತ್ತದೆ, ಅದರ ಮೇಲೊಂದು ತೆಳ್ಳನೆಯ ಗೆರೆ. ಗೆರೆ ಏರಿಸಿದಲ್ಲಿ ದನಿ ಏರುತ್ತದೆ, ಇಳಿಸಿದಲ್ಲಿ ಇಳಿಯುತ್ತದೆ. ಓದುವವರು ಉತ್ಸಾಹದಲ್ಲಿ ಕೂಗಿದಲ್ಲಿ ತಗ್ಗಿಸಬೇಕು, ಸುಸ್ತಾಗಿ ಮೆತ್ತಗಾದಲ್ಲಿ ಎತ್ತಬೇಕು, ಉಸಿರೆಳೆದುಕೊಂಡ ಸದ್ದನ್ನು ಅಳಿಸದೆ ಬರೀ ಹಿಂದಕ್ಕೆ ಸರಿಸಬೇಕು. "ಉಸಿರು ಪೂರ್ತಿ ತೆಗೆದುಬಿಟ್ರೆ ಮನುಷ್ಯ ಓದ್ತಿದ್ದಾನೆ ಅನ್ಸಲ್ಲ. ಹಾಗಂತ ಕಿವಿಗೇ ಊದಿದ ಹಾಗೂ ಇರಬಾರದು" ಎನ್ನುತ್ತಾರೆ. ಒಂದು ಗಂಟೆಯ ಓದಿಗೆ ಗೆರೆ ಎಳೆಯಲು ಇವರಿಗೆ ಇಡೀ ದಿನ ಬೇಕು.

ಇವತ್ತು ಮಾತ್ರ ಅಕ್ಕನ ಕಣ್ಣು ಪರದೆಯ ಮೇಲಿದ್ದರೂ ಮನಸ್ಸು ಫೋನಿನ ಮೇಲಿದೆ. ಇಲ್ಲಿ ಓದಲು ಬರುವ ನಿವೃತ್ತ ಮೇಷ್ಟ್ರೊಬ್ಬರು ಓದಿದ ವಿಜ್ಞಾನದ ಪುಸ್ತಕ ಒಪ್ಪಿಗೆಯೋ, ಅಲ್ಲವೋ ಎಂಬ ಮಾತು ಇವತ್ತು ಬರಬೇಕು. ಅಲ್ಲ ಎಂದರೆ ಮೇಷ್ಟ್ರ ಓದು ಅಲ್ಲಿಗೆ ಮುಗಿಯಿತು. ಮೊದಲ ಪಾಠದಿಂದ ಎಲ್ಲವನ್ನೂ ಬೇರೊಬ್ಬರು ಓದುತ್ತಾರೆ. ಆ ಬೇರೊಬ್ಬರನ್ನು ಸಂಸ್ಥೆಯ ವ್ಯವಸ್ಥಾಪಕರು ಗೊತ್ತುಮಾಡಿಯೂ ಇಟ್ಟಿದ್ದಾರೆ.

ಅಕ್ಕ ಈ ಕೆಲಸಕ್ಕೆ ಬಂದದ್ದೂ ಒಂದು ಕತೆಯೇ. ಮೊದಲು ಹಾಡಿನ ಕ್ಯಾಸೆಟ್ಟು, ಆಮೇಲೆ ಸಿಡಿ ನಕಲು ಮಾಡಿಕೊಡುವ ಅಂಗಡಿಯಲ್ಲಿದ್ದರು. ಜನ ಸಿಡಿ ಕೊಳ್ಳುವುದನ್ನೇ ಬಿಟ್ಟರು, ಅಂಗಡಿ ಬಾಗಿಲು ಹಾಕಿತು. ಕೆಲಸವಿಲ್ಲದೆ ಮನೆಯಲ್ಲಿ ಕೂತಾಗ ಅವರು ಮಾಡುತ್ತಿದ್ದ ದೊಡ್ಡ ಕೆಲಸವೆಂದರೆ ಅತ್ತೆಯ ಪಕ್ಕದಲ್ಲಿ ರಿಮೋಟು ಹಿಡಿದು ಕೂರುವುದು. ಅತ್ತೆಗೆ ಕಿವಿ ಮಂದ. ಧಾರಾವಾಹಿಯ ಸೊಸೆ ಪಿಸುಗುಟ್ಟಿದರೆ ಜೋರು ಮಾಡಬೇಕು, ಜಾಹೀರಾತು ಬಂದು ಮನೆ ನಡುಗಿಸುವ ಮುಂಚೆ ತಗ್ಗಿಸಬೇಕು. "ಜಾಹೀರಾತು ಯಾವಾಗ ಬರುತ್ತೆ ಅಂತ ಇವಳಿಗೆ ಟೀವಿಯವರಿಗಿಂತ ಮುಂಚೆ ಗೊತ್ತಾಗ್ತಿತ್ತು ಕಣಪ್ಪಾ" ಎಂದು ಅತ್ತೆ ಈಗಲೂ ಹೊಗಳುತ್ತಾರೆ, ಅದೂ ಬೀದಿಗೆಲ್ಲ ಕೇಳುವ ಹಾಗೆ! ಸಾಮಾನು ಸಾಗಿಸುವ ವ್ಯಾನು ಓಡಿಸುವ ಗಂಡನದು ಬೇರೆಯೇ ದೂರು. "ಜಗತ್ತಿನವರ ದನಿಯೆಲ್ಲ ಎತ್ತುತ್ತಾಳೆ. ಮನೇಲಿ ನಂದೊಂದನ್ನ ಮಾತ್ರ ಇಳಿಸ್ತಾಳೆ."

ಕುಳಿತು ಕೇಳುವ ತಾಳ್ಮೆಯಿರುವವರು ಬೇಕೆಂದು ಈ ಸಂಸ್ಥೆ ಹೇಳಿಕಳಿಸಿದಾಗ ಅಕ್ಕ ಬಂದರು. ಮೊದಲ ವಾರವೇ ಹೆದರಿಬಿಟ್ಟರಂತೆ. ಪರದೆಯ ಮೇಲೆ ದನಿ ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ಇವರು ಮೇಲಕ್ಕೆ ಸರಿಸುವುದು, ಓದು ಶುರುವಾದ ಕೂಡಲೇ ಗುಂಡಿ ತಾನಾಗಿಯೇ ಜಾರಿ ಕೆಳಗೆ ಕೂರುವುದು. ಮತ್ತೆ ಸರಿಸು, ಮತ್ತೆ ಜಾರು! "ಯಾರೋ ಕಾಣದವರು ಕೈ ಇಟ್ಟಿದಾರೆ ಅಂತ ನಾನು ಎದ್ದು ಹೊರಗೇ ಬಂದ್ಬಿಟ್ಟೆ" ಎಂದು ನಗುತ್ತಾರೆ. ಸಂಸ್ಥೆಯ ಎಂಜಿನಿಯರ್ ಬಂದು ಬಿಡಿಸಿ ಹೇಳಿದರು: ಹಿಂದಿನವರು ಎಳೆದ ಗೆರೆ ಅಲ್ಲೇ ಇದೆ, ಗೆರೆ ಇರುವ ತನಕ ಗುಂಡಿ ಅದರ ಮಾತನ್ನೇ ಕೇಳುತ್ತದೆ, ನಿಮ್ಮ ಮಾತನ್ನಲ್ಲ. ಅವತ್ತಿನಿಂದ ಅಕ್ಕ ಗುಂಡಿಯ ಸಹವಾಸ ಬಿಟ್ಟು ಗೆರೆ ಹಿಡಿದರು.

ಮೇಷ್ಟ್ರ ವಿಷಯಕ್ಕೆ ಬರೋಣ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು, ವರ್ಷಗಳಿಂದ ಇಲ್ಲಿಗೆ ಬಂದು ಪಾಠದ ಪುಸ್ತಕ ಓದುತ್ತಿದ್ದಾರೆ. ಕೆಳಗಿನ ತರಗತಿಯಿಂದ ಇವರ ದನಿಯಲ್ಲೇ ಕಲಿತುಕೊಂಡು ಬಂದ ಮಕ್ಕಳು ಈಗ ಮೇಲಿನ ತರಗತಿ ಮುಟ್ಟಿದ್ದಾರೆ. ಅವರಿಗಾಗಿ ಈ ಕೊನೆಯ ಪುಸ್ತಕವನ್ನೂ ತಾನೇ ಓದಬೇಕೆಂಬುದು ಮೇಷ್ಟ್ರ ಆಸೆ. ಅಷ್ಟರಲ್ಲಿ ಗಂಟಲಿನ ಸ್ನಾಯುಗಳು ಸೋಲತೊಡಗಿದವು. ವಾಕ್ಯದ ಆರಂಭ ಗಟ್ಟಿಯಾಗಿರುತ್ತದೆ, ಮುಂದೆ ಹೋದಂತೆ ದನಿ ಕುಗ್ಗಿ ಕೊನೆಯ ಪದ ಗಂಟಲಲ್ಲೇ ಉಳಿಯುತ್ತದೆ. ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು ವೈದ್ಯರು ಹೇಳಿದ್ದಾರೆ. ಬೆಳಗಿನ ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಕಂಠ ತೆರೆದಿರುತ್ತದೆ. ಅಕ್ಕ ಹೊತ್ತು ಹುಟ್ಟುವ ಮುಂಚೆ ಬಂದು ಕೂರುವುದು ಆ ಸ್ವಲ್ಪ ಹೊತ್ತಿಗಾಗಿ.

"ಪಾಠದಲ್ಲಿ ಕೊನೆ ಪದ ಕೇಳ್ಲಿಲ್ಲ ಅಂದ್ರೆ ಮುಗೀತು. ಈ ತಂತಿ ಮುಟ್ಟಬೇಕೋ, ಮುಟ್ಟಬಾರದೋ, ಅದೇ ಗೊತ್ತಾಗಲ್ಲ" ಎನ್ನುತ್ತಾರೆ ಅಕ್ಕ. ವ್ಯವಸ್ಥಾಪಕರು ಕೆಟ್ಟವರೇನಲ್ಲ. ಪರೀಕ್ಷೆ ಹತ್ತಿರ ಬರುತ್ತಿದೆ, ಮಕ್ಕಳಿಗೆ ಪುಸ್ತಕ ಬೇಕು, ಅವರ ಚಿಂತೆ ಅವರಿಗೆ. ದನಿಯನ್ನು ತಾನಾಗಿ ಸಮ ಮಾಡುವ ಬಟನ್ ಒಂದಿದೆಯಲ್ಲ, ಒತ್ತಿ ಕೈತೊಳೆದುಕೊಳ್ಳಿ ಎಂದರು. ಅಕ್ಕ ಒತ್ತಿಯೂ ನೋಡಿದರು. ಕುಗ್ಗಿದ ಪದದ ಜೊತೆಗೆ ಮೇಷ್ಟ್ರ ಏದುಸಿರು, ಎಂಜಲು ನುಂಗಿದ್ದು, ಹಾಳೆ ತಿರುವಿದ್ದು ಎಲ್ಲವೂ ಎದ್ದು ಮುಂದೆ ಬಂದು ನಿಂತವು. "ಅದನ್ನ ಕೇಳಿ ನಂಗೆ ಸಂಕಟ ಆಯ್ತು. ಅವರ ಕಷ್ಟವನ್ನೇ ಎತ್ತಿ ತೋರಿಸಿದ ಹಾಗಿತ್ತು. ಇದು ಬೇಡ ಸಾರ್, ನಾನೇ ಒಂದೊಂದು ಪದ ಎತ್ತುತ್ತೀನಿ ಅಂದೆ."

ಆಗಬಹುದು, ಒಂದೇ ಒಂದು ಅವಕಾಶ ಎಂದರು ವ್ಯವಸ್ಥಾಪಕರು. ಅಕ್ಕ ಹಟಕ್ಕೆ ಬಿದ್ದರು. ವಾಕ್ಯದಿಂದ ವಾಕ್ಯಕ್ಕೆ ಚುಕ್ಕೆ ಇಟ್ಟರು. ದನಿ ಎಲ್ಲಿ ಜಾರಲು ಶುರುವಾಗುತ್ತದೋ ಅಲ್ಲಿಂದಲೇ ನಿಧಾನವಾಗಿ ಗೆರೆ ಏರಿಸಿ, ಕೊನೆಯ ಪದ ಮುಗಿದ ಕೂಡಲೇ ಇಳಿಸಿದರು. ಪಾಠದ ಮೇಲೆ ಪಾಠ ಮುಗಿಸಿ, ಕಣ್ಣು ಮುಚ್ಚಿ ತಾವೇ ಕೇಳಿದರು. ಎಲ್ಲೂ ತೊಡಕಿಲ್ಲ. ನೆಮ್ಮದಿಯಿಂದ ಕಳಿಸಿಕೊಟ್ಟರು.

ಪುಸ್ತಕ ಒಪ್ಪುವುದು, ಬಿಡುವುದು ಒಬ್ಬ ಕೇಳುಗರ ಕೈಯಲ್ಲಿದೆ. ಹುಟ್ಟಿನಿಂದ ಕಣ್ಣು ಕಾಣದ ಈ ಹೆಣ್ಣುಮಗಳು ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಓದಿದ್ದೆಲ್ಲ ಇಂಥ ಪುಸ್ತಕಗಳಿಂದಲೇ. ನಾಲಿಗೆ ಚುರುಕು, ದಾಕ್ಷಿಣ್ಯ ಗೊತ್ತಿಲ್ಲ. ಮಾರನೇ ದಿನವೇ ಫೋನು ಬಂತು. "ಏನ್ ಅಕ್ಕಾ ಇದು? ಹಳ್ಳದಿಣ್ಣೆ ರಸ್ತೇಲಿ ಬಸ್ಸು ಹೋದ ಹಾಗಿದೆ. ಪ್ರತಿ ವಾಕ್ಯಕ್ಕೂ ಎತ್ತಿ ಎತ್ತಿ ಹಾಕ್ತಿದೆ. ಎರಡು ಪಾಠ ಕೇಳೋ ಹೊತ್ತಿಗೆ ತಲೆ ಸುತ್ತು ಬಂತು."

ಅಕ್ಕ ಅದೇ ಪಾಠ ಹುಡುಕಿ ತೆಗೆದರು. ಮತ್ತೆ ಹಾಕಿ ಕೇಳಿದರು. ನುಣ್ಣಗೇ ಇದೆ! ಯಂತ್ರದ ದೋಷವಿರಬೇಕು ಎಂದು ವಾದಕ್ಕೇ ನಿಂತರು. ಆಗ ಆ ಕಡೆಯಿಂದ ಒಂದು ಪ್ರಶ್ನೆ ಬಂತು: "ಅಲ್ಲ, ನೀವು ಯಾವ ವೇಗದಲ್ಲಿ ಕೇಳ್ತೀರಿ?"

ಯಾವ ವೇಗ ಎಂದರೆ? ಓದಿದ ವೇಗದಲ್ಲಿ. ಆ ಕಡೆ ನಗು. "ಅಷ್ಟು ನಿಧಾನಕ್ಕೆ ಯಾರು ಕೇಳ್ತಾರೆ ಅಕ್ಕಾ? ನಾವೆಲ್ಲ ಎರಡರಷ್ಟು ವೇಗದಲ್ಲಿ ಓಡಿಸ್ತೀವಿ. ಪರೀಕ್ಷೆ ಹತ್ರ ಬಂದ್ರೆ ಇನ್ನೂ ಜಾಸ್ತಿ. ನೀವು ಕಣ್ಣಾಡಿಸಿ ಪುಟ ಮುಗಿಸಲ್ವಾ, ಹಾಗೆ."

ಇಷ್ಟು ವರ್ಷ ಈ ಕೋಣೆಯಲ್ಲಿ ಕೂತು ಯಾರಿಗಾಗಿ ಗೆರೆ ಎಳೆದರೋ ಅವರು ಹೇಗೆ ಕೇಳುತ್ತಾರೆಂದು ಅಕ್ಕ ಕೇಳಿಯೇ ಇರಲಿಲ್ಲ. ಹೇಳುವಾಗ ಈಗಲೂ ಮುಖ ಸಪ್ಪಗಾಗುತ್ತದೆ. ಬೇರೆಯವರ ಓದಿನಲ್ಲಿ ಏರಿಳಿತ ಕಡಿಮೆ, ಆದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಮೇಷ್ಟ್ರ ದನಿಗೆ ಬೇಕಾದ ಏರು ದೊಡ್ಡದು. ಓದಿದ ವೇಗದಲ್ಲಿ ಇಳಿಜಾರಿನಂತಿದ್ದ ಗೆರೆ ಎರಡರಷ್ಟು ವೇಗದಲ್ಲಿ ಮೆಟ್ಟಿಲಾಗಿಬಿಟ್ಟಿತ್ತು. ಅದರ ಮೇಲೆ, ಗೆರೆ ಏರಿದಾಗಲೆಲ್ಲ ಖಾಲಿ ಕೋಣೆಯ ಗುಂಯ್ ಎಂಬ ಸದ್ದೂ ಏರಿ, ಇಳಿದಾಗ ತಟಕ್ಕನೆ ಮಾಯವಾಗುತ್ತಿತ್ತು.

ಇನ್ನೊಬ್ಬರಾಗಿದ್ದರೆ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು. ವ್ಯವಸ್ಥಾಪಕರು ಹೊಸ ಓದುಗರಿಗೆ ಫೋನು ಮಾಡಲು ಎದ್ದೇಬಿಟ್ಟಿದ್ದರು. ಅಕ್ಕ ಬಾಗಿಲಿಗೆ ಅಡ್ಡ ನಿಂತರು. "ತಪ್ಪು ಮೇಷ್ಟ್ರದಲ್ಲ ಸಾರ್, ನಂದು. ನನ್ನ ತಪ್ಪಿಗೆ ಅವರನ್ನ ಯಾಕೆ ಎಬ್ಬಿಸಿ ಕಳಿಸ್ತೀರಿ? ಇನ್ನೊಂದು ಸಲ ಬಿಡಿ. ಆಗ್ಲಿಲ್ಲ ಅಂದ್ರೆ ನಾನೇ ಅವರ ಮನೆಗೆ ಹೋಗಿ ಹೇಳ್ತೀನಿ." ಯಾರ ಮುಂದೆಯೂ ದನಿ ಎತ್ತದ ಹೆಂಗಸು ಅಂದು ಹಾಗೆ ನಿಂತದ್ದನ್ನು ಕಂಡು ವ್ಯವಸ್ಥಾಪಕರು ಕುರ್ಚಿಗೆ ಮರಳಿದರು.

ಎಳೆದ ಗೆರೆಯನ್ನೆಲ್ಲ ಅಕ್ಕ ಅಳಿಸಿದರು, ಮೊದಲ ಪಾಠದಿಂದ. ಯಾರೂ ಇಲ್ಲದ ಕೋಣೆಯ ಸದ್ದನ್ನೇ ಬೇರೆಯಾಗಿ ಧ್ವನಿಮುದ್ರಿಸಿ ಓದಿನ ಕೆಳಗೆ ಉದ್ದಕ್ಕೂ ಹಾಸಿದರು. ಅಂಗಿಗೆ ಅಸ್ತರು ಕೊಟ್ಟ ಹಾಗೆ ಎನ್ನಿ. ಈಗ ಮೇಲಿನ ಗುಂಯ್ ಏರಿಳಿದರೂ ಕಿವಿಗೆ ತಟ್ಟುವುದಿಲ್ಲ. ಏರನ್ನು ವಾಕ್ಯದ ಕೊನೆಗೆ ಬಿಡದೆ, ಇನ್ನೂ ಹಿಂದಿನಿಂದ ಸಣ್ಣ ಸಣ್ಣದಾಗಿ ಶುರುಮಾಡಿದರು. ಇಳಿಸುವುದನ್ನೂ ಅವಸರ ಮಾಡದೆ ಮುಂದಿನ ಉಸಿರಿನವರೆಗೆ ಎಳೆದರು. ಎಲ್ಲಕ್ಕಿಂತ ಕಷ್ಟವಾದದ್ದು ಎರಡರಷ್ಟು ವೇಗದಲ್ಲಿ ಕೇಳುವುದು. "ಮೊದಲು ಒಂದು ಪದಾನೂ ಅರ್ಥ ಆಗ್ತಿರಲಿಲ್ಲ. ಕೋಳಿ ಓಡಿಸಿಕೊಂಡು ಹೋದ ಹಾಗೆ ಕೇಳ್ತಿತ್ತು. ಅಡುಗೆ ಮಾಡ್ತಾ, ಬಟ್ಟೆ ಒಣಗಿಸ್ತಾ ಹಾಕ್ಕೊಂಡು ಹಾಕ್ಕೊಂಡು ಕಿವಿ ಪಳಗಿಸ್ದೆ. ಈಗ ನಮ್ಮ ಯಜಮಾನರು ಮಾತಾಡಿದ್ರೆ ನಿದ್ದೆ ಬರುತ್ತೆ, ಅಷ್ಟು ನಿಧಾನ!"

ಮೆಟ್ಟಿಲ ಮೇಲೆ ಸಣ್ಣ ಕೆಮ್ಮು. ಮೇಷ್ಟ್ರು ಬಂದರು. ಬಿಳಿ ಅಂಗಿ, ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಹಿಂದಿನ ಪಾಠಗಳೆಲ್ಲ ಹೊಸ ಗೆರೆಯೊಂದಿಗೆ ಒಪ್ಪಿಗೆಗೆ ಹೋಗಿವೆ, ಓದಲು ಉಳಿದಿರುವುದು ಕೊನೆಯ ಪಾಠವೊಂದೇ. ಬಂದವರಿಗೆ ಕೈಮುಗಿದು, "ನನ್ನ ಮಾತಿಗೆ ಬಾಲ ಇಲ್ಲ, ಅದನ್ನ ಇವಳೇ ಹೊಲೀಬೇಕು" ಎಂದು ನಕ್ಕರು. ಹೊಲೀಬೇಕು ಎಂಬುದು ತುಟಿಯ ಮೇಲೆ ಕಂಡಿತೇ ಹೊರತು ಕೇಳಿಸಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬೆಳಗಿನ ಪಾಳಿಗೆ ಹೊರಟ ಟೆಲಿಫೋನ್ ಆಪರೇಟರ್. ಅಕ್ಕ ಎದ್ದು ನಿಂತು ಕೇಳಿಸಿಕೊಂಡರು. ಹೂಂ ಎಂದರು, ಇನ್ನೊಮ್ಮೆ ಹೂಂ ಎಂದರು. ಆಮೇಲೆ ಕಣ್ಣು ತುಂಬಿ ಬಂತು. ಗೋಡೆಯ ಕಡೆ ತಿರುಗಿ, "ಇಲ್ಲಮ್ಮಾ, ಹಾಗೇನಿಲ್ಲ. ಮುಗಿಸ್ತಾರೆ. ಖಂಡಿತ ಮುಗಿಸ್ತಾರೆ" ಎಂದು ಫೋನು ಇಟ್ಟರು.

"ಏನಂತೆ?" ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು.

"ಒಪ್ಪಿದ್ರು ಮೇಷ್ಟ್ರೇ. ಕಳಿಸಿದ್ದ ಎಲ್ಲಾ ಪಾಠಾನೂ." ಅಕ್ಕ ಕಣ್ಣೊರೆಸಿಕೊಂಡರು. "ಮೇಷ್ಟ್ರಿಗೆ ವಾಸಿ ಆಯ್ತಾ ಅಂತ ಕೇಳಿದ್ರು."

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಎರಡು ಗುಟುಕು ಬಿಸಿನೀರು ಕುಡಿದು ಓದುವವರಿಗೆಂದೇ ಮೂಲೆಯಲ್ಲಿ ಕಟ್ಟಿದ ಗಾಜಿನ ಗೂಡಿನೊಳಗೆ ಹೋಗಿ ಕೂತು ಕೊನೆಯ ಪಾಠ ತೆರೆದರು. ಒಂದು ಸಾಲು ಓದಿದರು. ಸಂತೋಷಕ್ಕೋ, ಮಾತ್ರೆ ಇನ್ನೂ ಹತ್ತಿರಲಿಲ್ಲವೋ, ದನಿ ಎಂದಿಗಿಂತ ಮುಂಚೆಯೇ ಸೋತಿತು. ತಲೆಯೆತ್ತಿ ಗಾಜಿನಾಚೆಗೆ ನೋಡಿದರು.

ಅಕ್ಕ ಹೆಡ್‌ಫೋನ್ ಸರಿಮಾಡಿಕೊಂಡು ಮೈಕಿನ ಬಟನ್ ಒತ್ತಿದರು.

"ಓದಿ ಮೇಷ್ಟ್ರೇ. ಎಷ್ಟು ಮೆಲ್ಲಗಾದ್ರೂ ಪರವಾಗಿಲ್ಲ. ನಾನಿದ್ದೀನಿ."